ಹಳೇ ಪಿಕಪ್ ಕೊಳ್ಳುವಾಗ ಕಿಲೋಮೀಟರ್ ನೋಡಿದರೆ ಸಾಕೇ?

‘ಸಿಂಗಲ್ ಓನರ್, 60 ಸಾವಿರ ಕಿ.ಮೀ. ಮಾತ್ರ ಓಡಿದೆ, ಪೇಪರ್ ಎಲ್ಲ ಕ್ಲಿಯರ್, ಅರ್ಜೆಂಟ್ ಸೇಲ್.’ ಕೆಳಗೆ ತೊಳೆದು ಮಿಂಚುವ ಬಿಳಿ ಪಿಕಪ್‌ನ ನಾಲ್ಕು ಫೋಟೊ. ಇಂಥ ಮೆಸೇಜು ನಿಮ್ಮ ಊರಿನ ವಾಟ್ಸಾಪ್ ಗುಂಪಿಗೂ ಬಂದಿರುತ್ತದೆ. ಅದರ ಬೆನ್ನಿಗೇ ಸಲಹೆಗಳು ಶುರುವಾಗುತ್ತವೆ. ಡೀಸೆಲ್ ಗಾಡಿಗೆ ಹತ್ತು ವರ್ಷ ಆಯಿತೆಂದರೆ ಗುಜರಿಗೇ ಹಾಕಬೇಕು ಎನ್ನುತ್ತಾರೆ ಒಬ್ಬರು. ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದ್ದರೆ ಮೂರು ಟನ್ ಎಳೆಯುತ್ತದೆ ಎನ್ನುತ್ತಾರೆ ಇನ್ನೊಬ್ಬರು. ನೂರು ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ಬರೆಸಿಕೊಂಡರೆ ಆಯಿತು, ಹೆಸರು ಆಮೇಲೆ ಬದಲಾಯಿಸಿದರಾಯಿತು ಎನ್ನುವವರೂ ಇದ್ದಾರೆ.

ಒಂದು ಟನ್‌ಗಿಂತ ಹೆಚ್ಚು ಹೊರುವ ಪಿಕಪ್ ಹೊಸದಾಗಿ ಕೊಳ್ಳಲು ಈಗ ಹತ್ತು ಲಕ್ಷದ ಆಸುಪಾಸು ಬೇಕು. ಹಾಗಾಗಿ ಟೊಮೆಟೊ ಬೆಳೆಗಾರರು, ಕೋಳಿ ಅಂಗಡಿಯವರು, ನೀರಿನ ಕ್ಯಾನ್ ಹಾಕುವವರು, ಶಾಮಿಯಾನದವರು ಮೊದಲ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಆಗಿಯೇ ತೆಗೆದುಕೊಳ್ಳುವುದು ಸಹಜ. ಬಂಗಾರ ಅಡವಿಟ್ಟೋ ಸೊಸೈಟಿ ಸಾಲ ಮಾಡಿಯೋ ಹಾಕುವ ದುಡ್ಡು ಅದು. ಹಾಗಾಗಿ ಫಾರ್ವರ್ಡ್‌ಗಳಲ್ಲಿ ಹರಿದಾಡುವ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸೋಣ. ಪಿಕಪ್ ಎಷ್ಟು ಓಡಿದೆ ಎನ್ನುವುದಕ್ಕಿಂತ ಎಷ್ಟು ಹೊತ್ತಿದೆ, ಯಾರ ಹೆಸರಿನಲ್ಲಿದೆ ಎನ್ನುವುದೇ ದೊಡ್ಡದು ಎಂಬುದು ನಮ್ಮ ವಾದ.

60 ಸಾವಿರ ಅಂದರೆ ದಿನಕ್ಕೆ ಎಷ್ಟು?

ಮೊದಲು ಸರಳ ಲೆಕ್ಕ. ಕೋಲಾರದಿಂದ ಬೆಂಗಳೂರಿಗೆ ತರಕಾರಿ ಹೊಡೆಯುವ ಗಾಡಿ ಹೋಗಿ ಬರುವುದಕ್ಕೆ ಸುಮಾರು 140 ಕಿ.ಮೀ. ಆಗುತ್ತದೆ. ವರ್ಷಕ್ಕೆ 300 ದಿನ ಓಡಿದರೆ 42 ಸಾವಿರ, ಆರು ವರ್ಷಕ್ಕೆ ಎರಡೂವರೆ ಲಕ್ಷ ಕಿ.ಮೀ. ಅಂಥ ಕೆಲಸಕ್ಕಿದ್ದ ಆರು ವರ್ಷದ ಗಾಡಿಯ ಮೀಟರಿನಲ್ಲಿ 60 ಸಾವಿರ ಇದ್ದರೆ, ಅದು ದಿನಕ್ಕೆ 33 ಕಿ.ಮೀ. ಮಾತ್ರ ಓಡಿದೆ ಎಂದಾಯಿತು. ಊರೊಳಗೇ ನೀರಿನ ಕ್ಯಾನ್ ಹಾಕುವ ಗಾಡಿಗೆ ಇದು ಸಾಧ್ಯ. ಮಂಡಿಗೆ ಹೋಗುವ ಗಾಡಿಗೆ ಸಾಧ್ಯವಿಲ್ಲ. ಆದ್ದರಿಂದ ಮೀಟರ್ ಎಷ್ಟು ತೋರಿಸುತ್ತದೆ ಎಂದು ಕೇಳುವ ಮೊದಲು ಗಾಡಿ ಏನು ಕೆಲಸ ಮಾಡುತ್ತಿತ್ತು ಎಂದು ಕೇಳಬೇಕು.

ಡಿಜಿಟಲ್ ಮೀಟರನ್ನು ತಿರುಗಿಸಲು ಆಗುವುದಿಲ್ಲ ಎಂಬ ನಂಬಿಕೆ ತಪ್ಪು. ಹಳೇ ಮೀಟರಿನಲ್ಲಿ ಹಲ್ಲಿನ ಚಕ್ರ ತಿರುಗಿಸುತ್ತಿದ್ದರು, ಈಗ ಲ್ಯಾಪ್‌ಟಾಪ್ ಜೋಡಿಸಿ ಸಂಖ್ಯೆ ಬದಲಿಸುತ್ತಾರೆ, ವ್ಯತ್ಯಾಸ ಅಷ್ಟೆ. ಸಾಕ್ಷಿ ಬೇರೆ ಕಡೆ ಸಿಗುತ್ತದೆ. ಕ್ಲಚ್ ಮತ್ತು ಬ್ರೇಕ್ ಪೆಡಲಿನ ರಬ್ಬರ್ ನುಣುಪಾಗಿದೆಯೇ, ಸ್ಟೇರಿಂಗಿನ ಮೇಲಿನ ಗೀರು ಅಳಿಸಿಹೋಗಿದೆಯೇ, ಡ್ರೈವರ್ ಸೀಟಿನ ಬಲಬದಿ ಕುಸಿದಿದೆಯೇ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. 40 ಸಾವಿರ ಕಿ.ಮೀ. ಓಡಿದೆ ಎನ್ನುವ ಗಾಡಿಯ ಆರೂ ಟೈರು ಹೋದ ವರ್ಷದವೇ ಆಗಿದ್ದರೆ ಮೊದಲಿನವು ಯಾಕೆ ಅಷ್ಟು ಬೇಗ ಹೋದವು ಎಂದು ಕೇಳುವ ಹಕ್ಕು ನಿಮಗಿದೆ. ನಾಲ್ಕು ಟೈರಿನ ಗಾಡಿಯಾದರೂ ಪ್ರಶ್ನೆ ಅದೇ.

ಹೆಚ್ಚಿನವರು ಯೋಚಿಸದ ಒಂದು ದಾರಿ ಫಾಸ್ಟ್ಯಾಗ್. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಅದು ಕಡ್ಡಾಯವಾಗಿದೆ. ಮಾರುವವರು ತಮ್ಮ ಮೊಬೈಲಿನಲ್ಲಿ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆದು ತೋರಿಸಬಹುದು. ಯಾವ ಟೋಲನ್ನು ವಾರಕ್ಕೆ ಎಷ್ಟು ಸಲ ದಾಟಿದೆ ಎಂದು ಗೊತ್ತಾದರೆ ಕಿಲೋಮೀಟರಿನ ಅಂದಾಜು ತಾನಾಗಿಯೇ ಸಿಗುತ್ತದೆ. ತೋರಿಸುವುದಿಲ್ಲ ಎಂದರೆ ಅದೂ ಒಂದು ಉತ್ತರವೇ.

ಭಾರ ಎರಡರಷ್ಟಾದರೆ ಸವೆತ ಎಷ್ಟರಷ್ಟು?

ಭಾರ ಎರಡು ಪಟ್ಟಾದರೆ ಸವೆತವೂ ಎರಡು ಪಟ್ಟು ಎಂದು ನಮ್ಮ ಸಾಮಾನ್ಯ ಬುದ್ಧಿ ಹೇಳುತ್ತದೆ. ಲೋಹದ ಲೆಕ್ಕ ಹಾಗಿಲ್ಲ.

19ನೇ ಶತಮಾನದ ನಡುವಿನಲ್ಲಿ ಜರ್ಮನಿಯ ರೈಲ್ವೆಯಲ್ಲಿ ಎಂಜಿನಿಯರ್ ಆಗಿದ್ದ ಆಗಸ್ಟ್ ವೋಲರ್ ಎಂಬವರಿಗೆ ಒಂದು ಸಮಸ್ಯೆ ಎದುರಾಯಿತು. ರೈಲು ಗಾಡಿಗಳ ಅಚ್ಚುಗಳು ಹೊರಬಲ್ಲ ಭಾರಕ್ಕಿಂತ ಕಡಿಮೆ ಭಾರ ಹೊತ್ತಿದ್ದರೂ ಕೆಲವು ವರ್ಷಗಳ ನಂತರ ಇದ್ದಕ್ಕಿದ್ದಂತೆ ಮುರಿಯುತ್ತಿದ್ದವು. ವೋಲರ್ ವರ್ಷಗಟ್ಟಲೆ ಪ್ರಯೋಗ ಮಾಡಿ ಕಂಡುಕೊಂಡದ್ದು ಇದು: ಲೋಹ ಮುರಿಯಲು ಒಂದೇ ಸಲದ ದೊಡ್ಡ ಪೆಟ್ಟು ಬೇಕಿಲ್ಲ, ಸಣ್ಣ ಒತ್ತಡ ಲಕ್ಷಗಟ್ಟಲೆ ಸಲ ಬಿದ್ದರೂ ಸಾಕು. ಒತ್ತಡ ಸ್ವಲ್ಪ ಹೆಚ್ಚಾದರೆ ತಾಳುವ ಸಲಗಳ ಸಂಖ್ಯೆ ಬಹಳ ಕಡಿಮೆಯಾಗುತ್ತದೆ. ಇದನ್ನೇ ಲೋಹದ ದಣಿವು ಎನ್ನುತ್ತಾರೆ. ಸ್ಟೀಲ್ ತಂತಿಯನ್ನು ಅತ್ತಿತ್ತ ಬಗ್ಗಿಸಿ ತುಂಡು ಮಾಡಿದ ಯಾರಿಗೂ ಇದು ಹೊಸದಲ್ಲ.

ಬೆಸುಗೆ ಹಾಕಿದ ಉಕ್ಕಿನ ಜಾಗಗಳಿಗೆ ಎಂಜಿನಿಯರುಗಳು ಬಳಸುವ ಲೆಕ್ಕದಲ್ಲಿ ಒತ್ತಡ ಎರಡು ಪಟ್ಟಾದರೆ ಆಯಸ್ಸು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಒಂದೂವರೆ ಪಟ್ಟಾದರೂ ಮೂರನೇ ಒಂದಕ್ಕಿಂತ ಕಡಿಮೆ. ಚಕ್ರದ ಬೇರಿಂಗುಗಳ ಕಥೆಯೂ ಹೆಚ್ಚುಕಡಿಮೆ ಇದೇ. ಬೇರಿಂಗಿನ ಮೇಲೆ ಬೀಳುವ ಭಾರ ಎರಡರಷ್ಟಾದರೆ ಅದರ ಆಯಸ್ಸು ಎಂಟನೇ ಒಂದೋ ಹತ್ತನೇ ಒಂದೋ ಆಗುತ್ತದೆ. ಗಾಡಿಗೆ ತನ್ನದೇ ತೂಕವೂ ಇರುವುದರಿಂದ ಸರಕು ಎರಡರಷ್ಟಾದರೆ ಒತ್ತಡ ನೇರವಾಗಿ ಎರಡರಷ್ಟಾಗುವುದಿಲ್ಲ, ನಿಜ. ಆದರೆ ಹಿಂದಿನ ಅಚ್ಚಿನ ಮೇಲೆ ಹೆಚ್ಚಿನ ಭಾರ ಸರಕಿನದ್ದೇ. ಅದಕ್ಕೇ ಓವರ್‌ಲೋಡಿನಲ್ಲಿ 60 ಸಾವಿರ ಓಡಿದ ಗಾಡಿಯ ಚಾಸಿಸ್ಸು, ಮಿತಿಯೊಳಗೆ ಎರಡು ಲಕ್ಷ ಓಡಿದ ಗಾಡಿಯದ್ದಕ್ಕಿಂತ ಹೆಚ್ಚು ದಣಿದಿರಬಹುದು.

ಬ್ರೇಕಿನದು ಇನ್ನೊಂದು ಲೆಕ್ಕ. ಓಡುವ ಗಾಡಿಯ ಚಲನಶಕ್ತಿಯನ್ನೆಲ್ಲ ಬ್ರೇಕು ಬಿಸಿಯಾಗಿ ಮಾರ್ಪಡಿಸಬೇಕು. ಸರಕು ಸೇರಿ ಮೂರು ಟನ್ ಇರಬೇಕಾದ ಗಾಡಿ ನಾಲ್ಕೂವರೆ ಟನ್ ಇದ್ದರೆ ಅದೇ ವೇಗದಿಂದ ನಿಲ್ಲಿಸಲು ಒಂದೂವರೆ ಪಟ್ಟು ಬಿಸಿ ಹುಟ್ಟುತ್ತದೆ. ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವಾಗ ಆ ಬಿಸಿ ಆರಲು ಸಮಯವೇ ಇರುವುದಿಲ್ಲ. ಹಳೇ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡಿರುವುದರಿಂದ ಬೇಗ ಕುದಿಯುತ್ತದೆ. ಕುದಿದು ಗುಳ್ಳೆ ಎದ್ದರೆ ಪೆಡಲು ತಳಕ್ಕೆ ಹೋಗುತ್ತದೆ, ಬ್ರೇಕು ಹಿಡಿಯುವುದಿಲ್ಲ.

‘ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದೆ’

ಮಾರುವವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಕೊಳ್ಳುವವರೂ ಇದನ್ನು ಗುಣವೆಂದೇ ನಂಬುತ್ತಾರೆ. ಹಿಂದಿನ ಕಮಾನು ಪಟ್ಟಿಗೆ ಒಂದೆರಡು ಪ್ಲೇಟು ಸೇರಿಸಿದರೆ ಗಾಡಿ ಹೆಚ್ಚು ಭಾರಕ್ಕೂ ಕುಸಿಯದೆ ನಿಲ್ಲುತ್ತದೆ ಎಂಬುದು ಸರಿ. ಆದರೆ ಅಚ್ಚು, ಬೇರಿಂಗು, ಬ್ರೇಕು, ಟೈರು, ಚಾಸಿಸ್ಸು ಎಲ್ಲವೂ ಮೊದಲಿನವೇ. ಕುಸಿಯುವುದು ಗಾಡಿ ‘ಸಾಕು’ ಎಂದು ಹೇಳುವ ರೀತಿ. ಪ್ಲೇಟು ಸೇರಿಸಿದಾಗ ಆ ಬಾಯಿ ಮುಚ್ಚಿಸಿದಂತಾಯಿತು, ಶಕ್ತಿ ಏನೂ ಹೆಚ್ಚಲಿಲ್ಲ. ಮೇಲಾಗಿ ಖಾಲಿ ಓಡುವಾಗ ಹಿಂಭಾಗ ಗಡುಸಾಗಿ ಎಗರುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರಗಳು ಬೇಗ ಜಾರುತ್ತವೆ.

ಕಾನೂನು ಕೂಡ ಪ್ಲೇಟು ಎಣಿಸುವುದಿಲ್ಲ. ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತದೆ: ಖಾಲಿ ತೂಕ ಮತ್ತು ಸರಕು ಸೇರಿದ ಒಟ್ಟು ತೂಕ. ಎರಡರ ನಡುವಿನ ಅಂತರವೇ ನೀವು ಹೇರಬಹುದಾದ ಭಾರ, ಒಳಗೆ ಕೂರುವ ಜನರೂ ಅದರಲ್ಲೇ ಬಂದರು. ಒಟ್ಟು ತೂಕ 2,990 ಕೆ.ಜಿ., ಖಾಲಿ ತೂಕ 1,700 ಕೆ.ಜಿ. ಎಂದಿಟ್ಟುಕೊಳ್ಳಿ. ಉಳಿಯುವುದು 1,290 ಕೆ.ಜಿ. ಮಿತಿ ಮೀರಿದರೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂಪಾಯಿ, ಜೊತೆಗೆ ಹೆಚ್ಚಿನ ಸರಕು ಇಳಿಸುವ ಖರ್ಚು.

ಇಲ್ಲೊಂದು ಅಗ್ಗದ ಪರೀಕ್ಷೆ ಇದೆ. ಗಾಡಿ ಕೊಳ್ಳುವ ಮೊದಲು ಖಾಲಿ ಗಾಡಿಯನ್ನು ಹತ್ತಿರದ ವೇ ಬ್ರಿಡ್ಜಿಗೆ ಒಯ್ದು ತೂಗಿಸಿ. ಚೀಟಿಯಲ್ಲಿ ಬಂದ ತೂಕವನ್ನು ಆರ್‌ಸಿಯ ಖಾಲಿ ತೂಕದೊಂದಿಗೆ ಹೋಲಿಸಿ. ಡೀಸೆಲ್, ಡ್ರೈವರ್ ತೂಕ ಕಳೆದ ಮೇಲೂ 200 ಕೆ.ಜಿ. ಹೆಚ್ಚಿದ್ದರೆ ಎಲ್ಲೋ ಕಬ್ಬಿಣ ಸೇರಿದೆ ಎಂದರ್ಥ. ಎಕ್ಸ್‌ಟ್ರಾ ಪ್ಲೇಟು, ದಪ್ಪ ತಗಡಿನ ತಳ, ಎತ್ತರದ ಜಾಲರಿ ಏನಾದರೂ ಇರಬಹುದು. ಅಷ್ಟೂ ತೂಕ ನಿಮ್ಮ ಸರಕಿನ ಪಾಲಿನಿಂದಲೇ ಕಳೆಯುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಹೇಳುವ ಪರೀಕ್ಷೆ ಬೇರೆ ಇಲ್ಲ, ಆದರೂ ಯಾರೂ ಮಾಡಿಸುವುದಿಲ್ಲ ಎಂಬುದೇ ಸೋಜಿಗ.

ಆಮೇಲೆ ಟಾರ್ಚ್ ಹಿಡಿದು ಗಾಡಿಯ ಕೆಳಗೆ ಹೋಗಿ. ಬಟ್ಟೆ ಮಣ್ಣಾದರೆ ಆಗಲಿ. ಕ್ಯಾಬಿನ್ನಿನ ಹಿಂಬದಿ ಮತ್ತು ಹಿಂದಿನ ಕಮಾನು ಪಟ್ಟಿ ಚಾಸಿಸ್ಸಿಗೆ ಕೂಡುವ ಬ್ರಾಕೆಟ್ಟಿನ ಸುತ್ತ ಕೂದಲೆಳೆಯಂಥ ಬಿರುಕು, ಹೊಸ ಬೆಸುಗೆ, ಒಂದೇ ಜಾಗದಲ್ಲಿ ಹೊಳೆಯುವ ಕಪ್ಪು ಪೇಂಟು ಇದೆಯೇ ನೋಡಿ. ಉಳಿದ ಕಡೆ ಧೂಳು ಹಿಡಿದ ಚಾಸಿಸ್ಸಿನಲ್ಲಿ ಒಂದು ಮೊಳ ಮಾತ್ರ ಹೊಸ ಪೇಂಟು ಇದ್ದರೆ ಅದರ ಕೆಳಗೆ ಏನೋ ಇದೆ. ಚಾಸಿಸ್ಸಿಗೂ ಅಚ್ಚಿಗೂ ನಡುವೆ ರಬ್ಬರಿನ ತಡೆ ಇರುತ್ತದೆ. ಅದು ಜಜ್ಜಿ ಸೀಳಿದ್ದರೆ ಗಾಡಿ ಪದೇಪದೇ ತಳಕ್ಕೆ ಬಡಿದಿದೆ. ಖಾಲಿ ಪಿಕಪ್ ಸಮತಟ್ಟಾದ ಜಾಗದಲ್ಲಿ ನಿಂತಾಗ ಹಿಂಭಾಗ ತುಸು ಎತ್ತರವಾಗಿಯೇ ಇರುತ್ತದೆ. ಖಾಲಿ ಇದ್ದಾಗಲೇ ಹಿಂಭಾಗ ತಗ್ಗಿದ್ದರೆ ಕಮಾನು ಸೋತಿದೆ. ನೆಲಕ್ಕೆ ನೀರು ಚೆಲ್ಲಿ, ಅದರ ಮೇಲೆ ಗಾಡಿಯನ್ನು ನೇರವಾಗಿ ಓಡಿಸಿ, ಟೈರಿನ ಗುರುತುಗಳನ್ನು ನೋಡಿ. ಹಿಂದಿನ ಚಕ್ರಗಳ ಗುರುತು ಮುಂದಿನವುಗಳಿಗಿಂತ ಒಂದೇ ಬದಿಗೆ ಸರಿದಿದ್ದರೆ ಗಾಡಿ ಏಡಿಯಂತೆ ಓರೆಯಾಗಿ ಓಡುತ್ತಿದೆ. ಚಾಸಿಸ್ಸು ಬಾಗಿರಬಹುದು, ಅಚ್ಚು ಜರುಗಿರಬಹುದು.

ಯಾವ ಸರಕು ಹೊತ್ತಿತ್ತು ಎಂಬುದೂ ಮುಖ್ಯ. ಮಲ್ಪೆ, ಮಂಗಳೂರು ಬಂದರಿನಿಂದ ಮೀನು ಸಾಗಿಸಿದ ಗಾಡಿಯಲ್ಲಿ ಐಸು ಕರಗಿ ಉಪ್ಪುನೀರು ತಳದ ಸಂದುಗಳಿಂದ ಚಾಸಿಸ್ಸಿಗೆ ಇಳಿಯುತ್ತಲೇ ಇರುತ್ತದೆ. ಉಪ್ಪು ತುಕ್ಕನ್ನು ಬೇಗ ಬೆಳೆಸುತ್ತದೆ. ಜಲ್ಲಿ, ಮರಳು ಹೊತ್ತ ಗಾಡಿಯ ತಳದ ತಗಡಿನಲ್ಲಿ ಒಳಗುಳಿಗಳು ಇರುತ್ತವೆ. ತಳಕ್ಕೆ ಹೊಸ ತಗಡು ಹೊದಿಸಿದ್ದರೆ ಕೆಳಗಿನಿಂದ ನೋಡಿ. ಹೂವು, ಬಟ್ಟೆ, ಬ್ರೆಡ್ಡು ಸಾಗಿಸಿದ ಗಾಡಿ ಸಿಕ್ಕರೆ ಕಿಲೋಮೀಟರ್ ಸ್ವಲ್ಪ ಹೆಚ್ಚಿದ್ದರೂ ಚಿಂತೆಯಿಲ್ಲ ಎನ್ನುತ್ತೇವೆ ನಾವು.

ಹೊಗೆಯ ಬಣ್ಣ, ಆಯಿಲಿನ ಬಣ್ಣ

ಎಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಂಬಿಕೆಯ ಮೆಕ್ಯಾನಿಕ್ಕನ್ನು ಕರೆದೊಯ್ಯುವುದೇ ಲೇಸು. ಆದರೆ ಕೆಲವು ತಪ್ಪು ತಿಳಿವಳಿಕೆಗಳಿವೆ. ಆಯಿಲ್ ಕಪ್ಪಗಿದ್ದರೆ ಎಂಜಿನ್ ಕೆಟ್ಟಿದೆ ಎನ್ನುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಮಸಿ ಸೇರಿ ಹೊಸ ಆಯಿಲು ಕೂಡ ಬೇಗನೆ ಕಪ್ಪಾಗುತ್ತದೆ, ಅದು ಸಹಜ. ಜೇನಿನ ಬಣ್ಣದ ಆಯಿಲ್ ಇದ್ದರೆ ಮೊನ್ನೆ ಬದಲಾಯಿಸಿದ್ದಾರೆ ಎಂದಷ್ಟೇ ತಿಳಿಯುತ್ತದೆ. ಆಯಿಲ್ ಹಾಲು ಬೆರೆತ ಕಾಫಿಯಂತೆ ಕಂಡರೆ ಮಾತ್ರ ನೀರು ಸೇರಿದೆ, ಅಲ್ಲಿಗೇ ಕೈಬಿಡಿ. ಎಂಜಿನ್ ತೊಳೆದು ಹೊಳೆಯುತ್ತಿದ್ದರೆ ಸಂತೋಷಪಡಬೇಡಿ, ಸೋರಿಕೆಯ ಗುರುತುಗಳೂ ತೊಳೆದು ಹೋಗಿರುತ್ತವೆ.

ನೀವು ಹೋದಾಗ ಎಂಜಿನ್ ತಣ್ಣಗಿರಬೇಕು. ಬಾನೆಟ್ ಮುಟ್ಟಿ ನೋಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಚಳಿ ಸ್ಟಾರ್ಟಿನ ತೊಂದರೆಯನ್ನು ಮುಚ್ಚಿಡಲು ನೋಡಿರಬಹುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲು ಉರಿಯುತ್ತಿದೆ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಬಿಳಿ ಹೊಗೆ ಬೆಳಗಿನ ಚಳಿಯಲ್ಲಿ ಒಂದೆರಡು ನಿಮಿಷ ಬಂದರೆ ಪರವಾಗಿಲ್ಲ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಪರವಾಗಿದೆ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಗಳ ಸೈಲೆನ್ಸರಿನಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಊರೊಳಗೇ ಸಣ್ಣ ಓಡಾಟ ಮಾಡಿದ ಗಾಡಿಗಳಲ್ಲಿ ಅದು ಕಟ್ಟಿಕೊಳ್ಳುತ್ತದೆ, ರಿಪೇರಿ ದುಬಾರಿ. ಕೆಲವರು ಅದನ್ನು ಕಿತ್ತುಹಾಕಿಸಿ ಮಾರುತ್ತಾರೆ. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳೆಲ್ಲ ಒಮ್ಮೆ ಹತ್ತಿ ಆರಬೇಕು. ಹತ್ತದೇ ಇರುವ ದೀಪವೂ ಅನುಮಾನಕ್ಕೆ ಕಾರಣ.

‘ಎಫ್‌ಸಿ ಆಗಿದೆ, ಅಂದಮೇಲೆ ಗಾಡಿ ಗಟ್ಟಿ’ ಎಂಬ ಮಾತನ್ನೂ ಕೇಳಿರುತ್ತೀರಿ. ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪ್ರಮಾಣಪತ್ರ ಪಡೆಯಬೇಕು. ಅದು ಆ ದಿನ ಗಾಡಿ ರಸ್ತೆಗೆ ಯೋಗ್ಯವಾಗಿತ್ತು ಎನ್ನುತ್ತದೆ, ಎಂಜಿನ್ ಇನ್ನೆಷ್ಟು ದಿನ ಬಾಳುತ್ತದೆ ಎಂದು ಹೇಳುವುದಿಲ್ಲ.

ಹತ್ತು ವರ್ಷದ ಡೀಸೆಲ್ ಗಾಡಿ ಗುಜರಿಗೇ?

ಇದು ದೆಹಲಿಯ ಸುದ್ದಿ ಕರ್ನಾಟಕದ ಗುಂಪುಗಳಿಗೆ ಬಂದು ಹುಟ್ಟಿಸಿದ ಗೊಂದಲ. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ನಿರ್ಬಂಧ ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದ್ದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹಾಕಿದ ಇದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಜಾರಿ ಮಾಡಲು ಹೇಳಿತು. 2025ರ ಜುಲೈನಲ್ಲಿ ಅಲ್ಲಿನ ಬಂಕುಗಳಲ್ಲಿ ಅಂಥ ವಾಹನಗಳಿಗೆ ಇಂಧನ ಹಾಕಬಾರದು ಎಂಬ ನಿಯಮ ಬಂದು ಕೆಲವೇ ದಿನಗಳಲ್ಲಿ ತಡೆಯಾಯಿತು. ಫಾರ್ವರ್ಡ್‌ಗಳು ಹೆಚ್ಚಿದ್ದು ಆಗಲೇ. ‘ಹದಿನೈದು ವರ್ಷಕ್ಕೆ ಕಡ್ಡಾಯ ಗುಜರಿ’ ಎಂಬ ಇನ್ನೊಂದು ಸಂದೇಶದ ಮೂಲ 2023ರ ಏಪ್ರಿಲ್‌ನಿಂದ ಸರ್ಕಾರಿ ಇಲಾಖೆಗಳ ವಾಹನಗಳಿಗೆ ಬಂದ ನಿಯಮ. ನಿಮ್ಮ ಪಿಕಪ್‌ಗೆ ಇಲ್ಲಿ ಮುಖ್ಯವಾಗುವುದು ಫಿಟ್‌ನೆಸ್. ವಯಸ್ಸಾದಂತೆ ಅದರ ಶುಲ್ಕ ಏರುತ್ತದೆ, ಹಾಗಾಗಿ ಚೌಕಾಸಿಗೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಈಗಿನ ದರ ಕೇಳಿಕೊಳ್ಳಿ.

ದೆಹಲಿಯ ನಿರ್ಬಂಧದಿಂದಾಗಿ ಅಲ್ಲಿನ ಹಳೇ ವಾಹನಗಳು ಅಗ್ಗವಾಗಿ ಬೇರೆ ರಾಜ್ಯಗಳಿಗೆ ಬರುತ್ತವೆ. ಕಡಿಮೆ ಬೆಲೆ ನೋಡಿ ಹಿಗ್ಗುವ ಮೊದಲು ಆ ಆರ್‌ಟಿಒ ಕೊಡಬೇಕಾದ ನಿರಾಕ್ಷೇಪಣಾ ಪತ್ರ, ಇಲ್ಲಿ ಕಟ್ಟಬೇಕಾದ ತೆರಿಗೆ, ಮರುನೋಂದಣಿ ಎಲ್ಲವನ್ನೂ ಬೆಲೆಗೆ ಸೇರಿಸಿ ನೋಡಿ.

ಲೈಸೆನ್ಸ್ ಬಗೆಗಿನ ಗೊಂದಲವೂ ಉಂಟು. ಪಿಕಪ್ ಓಡಿಸಲು ಬ್ಯಾಡ್ಜ್ ಇಲ್ಲದಿದ್ದರೆ ಇನ್ಶೂರೆನ್ಸ್ ಸಿಗದು ಎಂಬ ಮಾತು ಬಹಳ ಕಾಲ ಹರಿದಾಡಿತು. ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿದೆ.

ಸ್ಟಾಂಪ್ ಪೇಪರ್ ಸಾಕೇ?

ಸಾಲದು. ಈ ವಿಷಯದಲ್ಲಿ ಮೋಸಹೋಗುವುದು ಕೊಳ್ಳುವವರಷ್ಟೇ ಅಲ್ಲ, ಮಾರುವವರೂ ಹೌದು.

ರಾಜ್ಯದೊಳಗೇ ಮಾರಿದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್. ಅದಕ್ಕೆ ಇರುವುದು ಫಾರ್ಮ್ 29 ಮತ್ತು 30. ನಡೆಯುವುದೇ ಬೇರೆ. ಖಾಲಿ ಫಾರ್ಮುಗಳಿಗೆ ಸಹಿ ಹಾಕಿಸಿಕೊಂಡು ಬ್ರೋಕರ್ ಒಬ್ಬರಿಗೆ ಮಾರುತ್ತಾರೆ, ಅವರು ಇನ್ನೊಬ್ಬರಿಗೆ. ಗಾಡಿ ಮೂರು ಕೈ ದಾಟಿದರೂ ಆರ್‌ಸಿಯಲ್ಲಿ ಮೊದಲ ಮಾಲೀಕರ ಹೆಸರೇ ಇರುತ್ತದೆ. ‘ಸಿಂಗಲ್ ಓನರ್’ ಎಂಬ ಜಾಹೀರಾತಿನ ಒಂದು ಗುಟ್ಟು ಇದೇ.

ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಹೀಗೆಯೇ ವಾಹನವೊಂದು ಹೆಸರು ಬದಲಾಗದೆ ಹಲವು ಕೈ ದಾಟಿತ್ತು. ಅಪಘಾತವಾಯಿತು. ಪರಿಹಾರ ಕೊಡಬೇಕಾದವರು ಯಾರು? ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಗಾಯಗೊಂಡವರು ಅಥವಾ ಸತ್ತವರ ಮನೆಯವರು ಒಬ್ಬರಾದ ಮೇಲೆ ಒಬ್ಬರಂತೆ ಕೊಂಡವರನ್ನು ಹುಡುಕಿಕೊಂಡು ಅಲೆಯಬೇಕಾಗಬಾರದು ಎಂಬುದು ಅದರ ಹಿಂದಿನ ತರ್ಕ.

ಪಿಕಪ್ ವಿಷಯದಲ್ಲಿ ಇದು ಇನ್ನಷ್ಟು ಗಂಭೀರ, ಯಾಕೆಂದರೆ ನಮ್ಮಲ್ಲಿ ಪಿಕಪ್‌ನಲ್ಲಿ ಸರಕಿನಷ್ಟೇ ಜನರೂ ಹೋಗುತ್ತಾರೆ. ಕೂಲಿಗೆ, ಮದುವೆಗೆ, ಜಾತ್ರೆಗೆ. ಸರಕಿನ ಮಾಲೀಕರು ಅಥವಾ ಅವರ ಪ್ರತಿನಿಧಿ ಸರಕಿನ ಜೊತೆ ಹೋಗುವುದು ಬೇರೆ. ಹಾಗಲ್ಲದೆ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಕೆಲವು ಪ್ರಕರಣಗಳಲ್ಲಿ ಕಂಪನಿ ಮೊದಲು ಹಣ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಲಿ ಎಂದು ಕೋರ್ಟುಗಳು ಹೇಳುವುದುಂಟು. ಎರಡರಲ್ಲೂ ಕೊನೆಗೆ ಹಣ ಹೋಗುವುದು ಮಾಲೀಕರ ಮನೆಯಿಂದ. ಎರಡು ವರ್ಷದ ಹಿಂದೆ ಗಾಡಿ ಮಾರಿ ಮರೆತವರ ಬಾಗಿಲಿಗೆ ಲಕ್ಷಗಟ್ಟಲೆ ಪರಿಹಾರದ ನೋಟಿಸು ಬರುವುದು ಹೀಗೆ.

ಕೊಂಡವರಿಗೂ ರಕ್ಷಣೆ ಇಲ್ಲ. ಗಾಡಿ ಕೈಬದಲಾದಾಗ ಮೂರನೆಯವರಿಗೆ ಸಂಬಂಧಿಸಿದ ವಿಮೆ ತಾನಾಗಿಯೇ ಹೊಸ ಮಾಲೀಕರಿಗೆ ಬರುತ್ತದೆ. ಆದರೆ ನಿಮ್ಮದೇ ಗಾಡಿಯ ಹಾನಿಗೆ ಹಣ ಸಿಗಬೇಕಾದರೆ ಪಾಲಿಸಿ ನಿಮ್ಮ ಹೆಸರಿಗೆ ಬಂದಿರಬೇಕು. ಅದಕ್ಕೆ 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಹಾಕಬೇಕು. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಅದರ ವ್ಯತ್ಯಾಸದ ಹಣ ನೀವು ಕಟ್ಟಬೇಕು.

ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ಗಾಡಿ ನಂಬರ್ ಪಡೆದು ಎಂಪರಿವಾಹನ್ ಆ್ಯಪ್ ಅಥವಾ ಪರಿವಾಹನ್ ಜಾಲತಾಣದಲ್ಲಿ ನೋಡಿ. ಫಿಟ್‌ನೆಸ್, ತೆರಿಗೆ, ವಿಮೆ ಯಾವಾಗ ಮುಗಿಯುತ್ತದೆ, ಸಾಲ ಇದೆಯೇ, ದಂಡ ಬಾಕಿ ಇದೆಯೇ ಗೊತ್ತಾಗುತ್ತದೆ. ಇನ್ನೂ ಗಟ್ಟಿ ಬೇಕೆಂದರೆ ಆರ್‌ಟಿಒ ಕಚೇರಿಯಿಂದ ಬಿ-ಎಕ್ಸ್‌ಟ್ರಾಕ್ಟ್ ತೆಗೆಸಿ. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು ಆರ್‌ಸಿಯ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ. ಯಾವುದಾದರೂ ಅಂಕಿ ಓರೆಯಾಗಿದ್ದರೆ, ಸುತ್ತ ಉಜ್ಜಿದ ಗುರುತಿದ್ದರೆ ಬೆಲೆ ಎಷ್ಟು ಕಡಿಮೆಯಾದರೂ ಬೇಡ.

‘ಉಳಿದ ಕಂತು ನೀವು ಕಟ್ಟಿಕೊಂಡು ಹೋಗಿ’ ಎಂಬ ಒಪ್ಪಂದ ಎಲ್ಲಕ್ಕಿಂತ ಅಪಾಯಕಾರಿ. ಆರ್‌ಸಿಯಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರಿದ್ದರೆ ಅವರ ಲಿಖಿತ ಒಪ್ಪಿಗೆ ಇಲ್ಲದೆ ಗಾಡಿ ನಿಮ್ಮ ಹೆಸರಿಗೆ ಬರುವುದಿಲ್ಲ. ನೀವು ಕೊಟ್ಟ ಹಣವನ್ನು ಮಾರಿದವರು ಕಂತಿಗೆ ಕಟ್ಟದಿದ್ದರೆ ಗಾಡಿ ಎಳೆದುಕೊಂಡು ಹೋಗುವಾಗ ನಿಮ್ಮ ಸ್ಟಾಂಪ್ ಪೇಪರ್ ಯಾರೂ ಓದುವುದಿಲ್ಲ. ಸಾಲ ತೀರಿದ ಪತ್ರ ಮತ್ತು ಫಾರ್ಮ್ 35 ಕೈಗೆ ಬಂದು, ಆರ್‌ಸಿಯಿಂದ ಆ ಹೆಸರು ಹೋಗುವವರೆಗೆ ಪೂರ್ತಿ ಹಣ ಕೊಡಬೇಡಿ. ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳ ಮೂಲಕ ಕೊಳ್ಳುವುದಾದರೆ, 2023ರ ಏಪ್ರಿಲ್‌ನಿಂದ ಅವರಿಗೂ ಆರ್‌ಟಿಒ ಅಧಿಕೃತಗೊಳಿಸುವ ವ್ಯವಸ್ಥೆ ಬಂದಿದೆ. ಆ ಪ್ರಮಾಣಪತ್ರ ಕೇಳಿ ನೋಡಿ.

ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಗಾಡಿ ಅರ್ಧ ಬೆಲೆಗೆ ಕೊಡುತ್ತೇನೆ, ಸಾಗಿಸುವ ಖರ್ಚು ಮಾತ್ರ ಮೊದಲು ಹಾಕಿ ಎನ್ನುವ ಸಂದೇಶ ಹಳೇ ಮೋಸ. ಗುರುತಿನ ಚೀಟಿಯ ಫೋಟೊ ಕಳಿಸಿದ ಮಾತ್ರಕ್ಕೆ ಮನುಷ್ಯ ನಿಜವಾಗುವುದಿಲ್ಲ. ಕಣ್ಣಾರೆ ನೋಡದ, ಕೈಯಾರೆ ಮುಟ್ಟದ ಗಾಡಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ, ಅಂಥ ಮೆಸೇಜನ್ನು ಮುಂದಕ್ಕೂ ಕಳಿಸಬೇಡಿ.

ಎಲ್ಲ ಒಪ್ಪಿಗೆಯಾಗಿ ಗಾಡಿ ತೆಗೆದುಕೊಂಡು ಹೊರಡುವ ದಿನ ಎರಡು ಪ್ರತಿಯಲ್ಲಿ ಡೆಲಿವರಿ ನೋಟ್ ಬರೆದು ಇಬ್ಬರೂ ಸಹಿ ಹಾಕಿ. ದಿನಾಂಕದ ಜೊತೆ ಗಂಟೆ, ನಿಮಿಷವನ್ನೂ ಬರೆಯಿರಿ. ಅಂದು ಬೆಳಿಗ್ಗೆ ಕ್ಯಾಮೆರಾಕ್ಕೆ ಸಿಕ್ಕ ದಂಡ ಯಾರದ್ದು, ಸಂಜೆಯದ್ದು ಯಾರದ್ದು ಎಂಬ ಜಗಳ ಆಮೇಲೆ ಬಂದರೆ ಅದೇ ಆಧಾರ. ಮಾರಿದವರು ಅಂದೇ ತಮ್ಮ ಫಾಸ್ಟ್ಯಾಗ್ ಮುಚ್ಚಿಸಬೇಕು. ಇಲ್ಲವಾದರೆ ಹೊಸ ಮಾಲೀಕರು ಟೋಲ್ ದಾಟಿದಾಗಲೆಲ್ಲ ಹಣ ಹೋಗುವುದು ಹಳೇ ಮಾಲೀಕರ ಖಾತೆಯಿಂದ.